ಹದಿನಾಲ್ಕನೆಯ ಹೆಣ್ಣಿನ ಪೊರೆ

ಏಪ್ರಿಲ್ 28, ಸೋಮವಾರ. ಬೆಳಗ್ಗೆ 7. ಶೆಡ್ಡಿನೊಳಗೆ 25 ಡಿಗ್ರಿ.

ಜೇಡದ ಮರಿಗಳಿಗೆ ಆಹಾರ. ನೂರ ಹನ್ನೆರಡು ಡಬ್ಬಿ, ಒಂದೊಂದಕ್ಕೆ ಅರ್ಧ ಚಿಮ್ಮಂಡೆ ಹುಳು. ಒಂದು ಸತ್ತಿದೆ. ನೂರ ಹನ್ನೊಂದು.

ಅಣ್ಣ ಲಯಲ್ ಇನ್ನೂ ಎದ್ದಿಲ್ಲ. ಫೆಬ್ರವರಿಯಿಂದ ಅವನ ಸೊಂಟ ಸರಿಯಿಲ್ಲ. ಗೊಬ್ಬರದ ಚೀಲ ಎತ್ತಿದ್ದರಿಂದ ಎನ್ನುತ್ತಾನೆ.

ಪರ್ಮಿಟ್ ಬಂದಿದೆ. ಮೇ 9, ಶುಕ್ರವಾರ, ಹನ್ನೊಂದಕ್ಕೆ ಗಾಡಿ. ಅಲ್ಲಿಂದ ವಿಮಾನ, ಡ್ರೆಸ್ಡೆನ್‌ನ ಜೇಡ ಸಾಕುವವರ ಸಂಘಕ್ಕೆ. ನನ್ನ ಪಾಲಿನ ಕೆಲಸ ಉಳಿದಿದೆ: ಪ್ರತಿ ಮರಿಯ ತಾಯಿ, ತಂದೆಯ ನಂಬರ್ ಬರೆದು, ಇವು ನಮ್ಮ ಶೆಡ್ಡಿನಲ್ಲೇ ಕೂಡಿ ಹುಟ್ಟಿದವು, ಕಾಡಿನವಲ್ಲ ಎಂದು ಸಹಿ ಹಾಕುವುದು. ಆ ಸಹಿ ಇಲ್ಲದೆ ಒಂದು ಜೇಡವೂ ದೇಶ ದಾಟುವಂತಿಲ್ಲ.

ಎರಡು ವರ್ಷ ಏನೂ ಕಳಿಸಿರಲಿಲ್ಲ. ಮೊಟ್ಟೆಚೀಲಕ್ಕೆ ಬೂಸ್ಟು ಬಂತು, ಇಲ್ಲವೇ ತಾಯಿಯೇ ತಿಂದಿತು. ಜುಲೈನಲ್ಲಿ ನಮ್ಮ ಅನುಮತಿಯ ಪರಿಶೀಲನೆ; ಈ ಸಲವೂ ಕಳಿಸದಿದ್ದರೆ ರದ್ದು. ಈ ಸಲ ಹದಿನಾಲ್ಕನೆಯ ನಂಬರಿನ ಹೆಣ್ಣು ಉಳಿಸಿತು; ಈ ಮರಿಗಳೆಲ್ಲ ಅದರವೇ.

ಏಪ್ರಿಲ್ 30

ಪೊರೆಗಳ ಪೆಟ್ಟಿಗೆ ತೆಗೆದೆ. ಹೆಣ್ಣುಗಳು ಕಳಚಿದ ಪೊರೆಯೆಲ್ಲ ನನ್ನ ಕೈಗೆ ಬರುತ್ತದೆ. ಸೋಪಿನ ನೀರಲ್ಲಿ ನೆನೆಸಿ, ಬಿಡಿಸಿ, ಲಯಲ್ ತಾರೀಕು ಬರೆದುಕೊಟ್ಟ ಲಕೋಟೆಗೆ ಹಾಕುತ್ತೇನೆ. ಪಟ್ಟಿಗೆ ಇದರ ಅಗತ್ಯವಿಲ್ಲ. ತಾಳೆ ನೋಡುವುದು ನನ್ನ ರೂಢಿ.

ಹದಿನಾಲ್ಕು. ಗಂಡಿನೊಡನೆ ಕೂಡಿದ್ದು ಡಿಸೆಂಬರ್ 14. ಆ ಗಂಡು ಸತ್ತದ್ದು ಜನವರಿ 3. ಇದ್ದದ್ದು ಅದೊಂದೇ. ಮೊಟ್ಟೆಚೀಲ ಫೆಬ್ರವರಿ 16.

ಪೊರೆಯ ತಾರೀಕು ಜನವರಿ 20. ಲಯಲ್‌ನದೇ ಅಕ್ಷರ.

ಪೊರೆ ಬಿಟ್ಟ ಹೆಣ್ಣು, ಒಳಗೆ ಕಾದಿಟ್ಟುಕೊಂಡ ಗಂಡಿನ ಬೀಜವನ್ನೂ ಪೊರೆಯ ಜೊತೆಗೇ ಕಳಚಿಬಿಡುತ್ತದೆ. ಮತ್ತೆ ಕೂಡದೆ ಮರಿಯಿಲ್ಲ. ನನಗೆ ಇದನ್ನು ಕಲಿಸಿದವನು ಅವನೇ.

ತಾರೀಕು ತಪ್ಪಿರಬಹುದು. ಕೇಳಲಿಲ್ಲ.

ಮೇ 1

ಪಕ್ಕದ ಜಮೀನಿನ ಬಾರ್ನಿ ಕಿಯೋ ಬಂದಿದ್ದ, ಟ್ರೇಲರ್ ವಾಪಸು ಕೊಡಲು. ಚಹಾ ಕುಡಿದ. ಹಸುಗಳ ಕಥೆ, ಮೊಣಕಾಲಿನ ಕಥೆ. ಹೊರಡುವಾಗ ಟೋಪಿ ಹಾಕಿಕೊಳ್ಳುತ್ತ—

"ನಿಮ್ಮಣ್ಣ ನನ್ನ ಹಳ್ಳದ ದಂಡೇಲಿ ಆಲೂಗಡ್ಡೆ ಹಾಕಿದಾನೇನಮ್ಮಾ? ಹಾಗಿದ್ರೆ ಗುಂಡಿ ಮುಚ್ಚೋಕೆ ಹೇಳು. ನನ್ನ ಕರು ಒಂದು ಕಾಲು ಮುರ್ಕೊಳ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು."

ಯಾವಾಗ ನೋಡಿದೆ ಎಂದೆ. ಫೆಬ್ರವರಿಯಲ್ಲಂತೆ. ಮಳೆಯಲ್ಲೇ ಅಗೆಯುತ್ತಿದ್ದನಂತೆ.

ನಕ್ಕೆ. ಏನು ಹೇಳಿದೆನೋ ನೆನಪಿಲ್ಲ.

ಮೇ 2, ಶುಕ್ರವಾರ

ಹಳ್ಳಕ್ಕೆ ಹೋದೆ. ನಾವು ಸಾಕುವ ಜಾತಿಯ ಕಾಡು ಜೇಡಗಳು ಬಿಲ ತೋಡಿಕೊಂಡಿದ್ದ ದಂಡೆ. ಇಪ್ಪತ್ಮೂರು ಗುಂಡಿ. ಬಿಲದ ಬಾಯಿಯ ರೇಷ್ಮೆ ಹರಿದು ಬೇರಿಗೆ ಅಂಟಿಕೊಂಡಿದೆ. ದಂಡೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆದೆ. ಜೀವ ಇರುವ ಬಿಲ ಒಂದೂ ಕಾಣಲಿಲ್ಲ. ಇಲ್ಲಿಯ ಕೆಲವು ಹೆಣ್ಣುಗಳು ನಾನು ಈ ಊರಿಗೆ ಬರುವ ಮೊದಲಿನಿಂದ ಇದ್ದವು.

ಮನೆಗೆ ಬಂದು ಫ್ರೀಜರ್ ನೋಡಿದೆ. ಬಟಾಣಿಯ ಕೆಳಗೆ, ಐಸ್‌ಕ್ರೀಂ ಡಬ್ಬಿಯಲ್ಲಿ ನಾಲ್ಕು ಹೆಣ್ಣು ಜೇಡ. ಕಾಲು ಮಡಚಿಕೊಂಡಿವೆ.

ಡಬ್ಬಿಯನ್ನು ಲಯಲ್ ಮುಂದೆ ಇಟ್ಟೆ. ಟೋಸ್ಟ್ ತಿನ್ನುತ್ತಿದ್ದ. ತಿಂದು ಮುಗಿಸಿದ.

ಎಲ್ಲ ಹೇಳಿದ. ಮೊಟ್ಟೆಚೀಲ ಹೊತ್ತ ತಾಯಂದಿರನ್ನು ಹುಡುಕಿ ಅಗೆದದ್ದು. ನಾಲ್ಕು ಸಿಕ್ಕವು. ಎರಡು ಚೀಲ ಗುದ್ದಲಿಗೆ ಹರಿದವು, ಎರಡು ಉಳಿದವು. ಅವುಗಳ ಮರಿಗಳನ್ನೇ ಹದಿನಾಲ್ಕರವು ಎಂದು ಬರೆದದ್ದು. ಮಿಕ್ಕ ಬಿಲದವು ಅಲ್ಲಲ್ಲೇ ತುಂಡಾದವು. ತಾಯಂದಿರನ್ನು ಇಟ್ಟುಕೊಂಡರೆ ತಪಾಸಣೆಯಲ್ಲಿ ಲೆಕ್ಕಕ್ಕಿಂತ ನಾಲ್ಕು ಹೆಚ್ಚು. ಅದಕ್ಕೇ ಫ್ರೀಜರ್. ಎಸೆಯಲು ಮನಸ್ಸಾಗಲಿಲ್ಲವಂತೆ.

"ಹದಿನಾಲ್ಕರ ಪೊರೆ ನನ್ನ ಕೈಗೆ ಯಾಕೆ ಕೊಟ್ಟೆ?"

"ಪೊರೆ ಬಿಟ್ರೆ ನಿನಗೆ ಕೊಡೋದಲ್ವಾ, ಮುದುಕಿ. ಇಪ್ಪತ್ತು ವರ್ಷದಿಂದ."

ಆಮೇಲೆ ಅವನ ವಾದ. ನಮ್ಮ ಬಾಗಿಲು ಮುಚ್ಚಿದರೆ ಡ್ರೆಸ್ಡೆನ್‌ನ ಜನ ಜೇಡ ಸಾಕುವುದು ಬಿಡುವುದಿಲ್ಲ. ಕಾಲುಚೀಲದಲ್ಲಿ ಸುತ್ತಿ ಕದ್ದು ಕಳಿಸುವವರ ಹತ್ತಿರ ಕೊಳ್ಳುತ್ತಾರೆ. ನಿಜ. ಆ ವಾಕ್ಯ ನಾನೇ ಬರೆದು ಅರ್ಜಿಗೆ ಹಾಕಿದ್ದು.

"ಮೊಟ್ಟೆ ಒಡೆದದ್ದು ನಮ್ಮ ಶೆಡ್ಡಲ್ಲೇ. ಅದು ಸುಳ್ಳಾ?"

ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಫ್ರೀಜರಿನಲ್ಲಿಟ್ಟೆ.

ಮೇ 7, ಬುಧವಾರ

ನಾಲ್ಕು ದಿನ ಬರೆದಿಲ್ಲ. ನಾವಿಬ್ಬರೂ ಮಾತಾಡಿಲ್ಲ. ಊಟ ಒಟ್ಟಿಗೇ.

ಪ್ಯಾಕಿಂಗ್ ಶುರು. ಒಂದೊಂದು ಮರಿಗೆ ಒಂದು ಸಣ್ಣ ಸೀಸೆ, ಒದ್ದೆ ಕಾಗದ, ಮುಚ್ಚಳಕ್ಕೆ ಸೂಜಿಯ ರಂಧ್ರ. ಲಯಲ್ ಕುಂಚದ ತುದಿಯಿಂದ ಮರಿಯನ್ನು ಮುಟ್ಟುತ್ತಾನೆ. ಅದು ತಾನಾಗಿ ಸೀಸೆಯೊಳಗೆ ನಡೆಯುತ್ತದೆ. ಇಷ್ಟು ಮೆತ್ತಗೆ ಮುಟ್ಟುವವನನ್ನು ನಾನು ಬೇರೆ ಕಂಡಿಲ್ಲ. ಗುದ್ದಲಿ ಹಿಡಿದದ್ದೂ ಇದೇ ಕೈ.

ಇನ್ನೂ ಎರಡು ಸತ್ತು ನೂರ ಒಂಬತ್ತು ಉಳಿದಿವೆ. ಪಟ್ಟಿ ಮೇಜಿನ ಮೇಲಿದೆ. ಸಹಿಯ ಜಾಗ ಖಾಲಿ.

ಅವನೇ ಮಾತು ತೆಗೆದ.

"ನೀನು ಕಚೇರಿಗೆ ಹೇಳಿದ್ರೆ ಇವನ್ನ ಕೊಲ್ಲಿಸ್ತಾರೆ, ವೆರ್ನಾ. ಹಳ್ಳಕ್ಕೆ ಬಿಡೋಕೆ ಒಪ್ಪಲ್ಲ, ಶೆಡ್ಡಿನ ರೋಗ ಅಂತಾರೆ. ನಾಲ್ಕಕ್ಕೆ ನೂರ ಒಂಬತ್ತು ಬಲಿ ಕೊಡ್ತೀಯಾ?"

ಸಹಿಯ ಪೆನ್ ಕೈಯಲ್ಲೇ ಇತ್ತು. ಬರೆದಿಡುತ್ತೇನೆ, ಯಾಕೆಂದರೆ ನಿಜ: ಹಾಕಿಬಿಡುವವಳಿದ್ದೆ. ಮುಂದಿನ ವರ್ಷವೂ ಮೊಟ್ಟೆಚೀಲ ಉಳಿಯದಿದ್ದರೆ ಏನು ಮಾಡುತ್ತೀಯ ಎಂದು ಮಾತ್ರ ಕೇಳಿದೆ.

ಸಮಾಧಾನ ಹೇಳುವ ದನಿಯಲ್ಲೇ ಹೇಳಿದ. "ಹೆದರ್ಬೇಡ. ಆಚೆ ದಂಡೆ ಇನ್ನೂ ಮುಟ್ಟೇ ಇಲ್ಲ."

ಮೇ 8, ಗುರುವಾರ. ಸಂಜೆ 5.

ಆಚೆ ದಂಡೆಗೆ ಹೋಗಿ ಬಂದೆ. ಬಿಲಗಳಿವೆ. ಹದಿನೇಳು ಎಣಿಸಿದೆ. ಒಂದರ ಬಾಯಲ್ಲಿ ಎರಡು ಕಾಲು ಕಂಡವು, ನನ್ನ ನೆರಳು ಬಿದ್ದೊಡನೆ ಒಳಗೆ.

ಸಹಿ ಹಾಕುವುದಿಲ್ಲ. ಅಷ್ಟೇ ಸಾಲದು. ಸಹಿ ಇಲ್ಲದ ಪಟ್ಟಿ ಇನ್ನೊಂದು ತಿಂಗಳಿಗೆ ಮುಂದೂಡಿದ ಪಟ್ಟಿ, ಅಷ್ಟೇ. ಪರ್ಮಿಟ್ ಕಚೇರಿ ನಾಳೆ ಒಂಬತ್ತಕ್ಕೆ ತೆರೆಯುತ್ತದೆ. ಫೋನ್ ಮಾಡುವೆ. ಶೆಡ್ಡಿನಿಂದಲ್ಲ, ಅಡಿಗೆಮನೆಯಿಂದ, ಅವನು ಎದುರಿಗೆ ಕೂತಿರುವಾಗ. ಮೊದಲು ಇಪ್ಪತ್ಮೂರು ಗುಂಡಿ, ಆಮೇಲೆ ನಮ್ಮ ಹೆಸರು. ಅಣ್ಣ ಎಂದು ಹೇಳಬೇಕಾಗಿಲ್ಲ. ಲಯಲ್ ಎಂದರೆ ಸಾಕು.

ಮರಿಗಳಿಗೆ ನಾಳೆ ಆಹಾರದ ದಿನ. ಪ್ರಯಾಣಕ್ಕೆ ಮೊದಲು ಕೊಡಬಾರದು, ಆದರೆ ಪ್ರಯಾಣ ಇಲ್ಲವಲ್ಲ... ಎಂಟಕ್ಕೆ ಕೊಡುವೆ, ಫೋನಿಗೆ ಮುಂಚೆ. ಎಲ್ಲ ನೂರ ಒಂಬತ್ತಕ್ಕೂ—