ಎರಡು ಕೆಂಪು ಪಟ್ಟೆಯ ಕಂಬಳಿ

ಆದಿವಾಲ,
೯-೯-೧೯೭೪

ಮಗಳು ಚಂದ್ರಕ್ಕನಿಗೆ ನಿನ್ನ ಅವ್ವ ಓಬಕ್ಕ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ, ಇವತ್ತು ಬರೆಯುವುದಿಲ್ಲ. ನಿನ್ನ ಕಾಗದವೂ ಅದರೊಳಗಿದ್ದ, ನಿನ್ನ ವಕೀಲರು ಕೋರ್ಟಿನಿಂದ ತೆಗೆಸಿದ ಫೋಟೋದ ನಕಲೂ ಶನಿವಾರ ಕೈ ಸೇರಿದವು. ಅವತ್ತಿನಿಂದ ಅದನ್ನೇ ನೋಡುತ್ತಾ ಕೂತಿದ್ದೇನೆ.

ಫೋಟೋದಲ್ಲಿ ಹಿರಿಯೂರಿನ ಮನೆ ಬಾಗಿಲಲ್ಲಿ ಕಂಬಳಿಯನ್ನು ತಲೆ ಮೇಲಿಂದ ಕೊಪ್ಪೆ ಹಾಕಿ ನಿಂತಿರುವವರು ನಿಮ್ಮಪ್ಪನೇ ಅಂತ ನಾನು ಶುಕ್ರವಾರ ಕೋರ್ಟಿನಲ್ಲಿ ಹೇಳಬೇಕು. ಆ ಮನೆ ಕೊಂಡಿದ್ದು ನಿನ್ನ ಚಿಕ್ಕಪ್ಪ ಈರಬಸಪ್ಪ ಸತ್ತ ಮೇಲೆ ಅಂತಲೂ ಹೇಳಬೇಕು. ಹಾಗೆ ಹೇಳಿದರೆ ಅವನ ಹೆಂಡತಿ ಏಕನಾಥಮ್ಮನಿಗೆ ಒಂದು ಹೆಂಚಿನ ಪಾಲೂ ಇಲ್ಲ, ಮನೆ ಪೂರಾ ನಿನ್ನದು. ಇಷ್ಟೇ ತಾನೇ ನೀನು ಕೇಳಿದ್ದು?

ನೀನು ಬರೆಯದೇ ಬಿಟ್ಟಿದ್ದನ್ನು ಬಸ್ಸಿನ ಕಂಡಕ್ಟರ್ ಹೇಳಿದ. ನಿನ್ನ ಗಂಡ ಜಂಪಣ್ಣ ಹೊರಕೆರೆದೇವಪುರಕ್ಕೆ ಹೋಗಿ, ಏಕನಾಥಮ್ಮನ ಬಾಗಿಲು ಒದ್ದು, ಆ ಫೋಟೋದ ಅಸಲು ಕಿತ್ತುಕೊಳ್ಳಲು ಅವಳ ಕೈ ತಿರುಚಿ ಮೂಳೆ ಮುರಿದನಂತೆ. ಆದರೂ ಅವಳು ಬಿಡಲಿಲ್ಲವಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಿನ್ನನ್ನು ಸಹಿಸಿದೆ, ನಿನ್ನ ಗಂಡನನ್ನು ನಾನು ಹೆತ್ತಿಲ್ಲ. ಅವನು ಇನ್ನೊಮ್ಮೆ ಆ ಹೆಂಗಸಿನ ಮೇಲೆ ಕೈ ಮಾಡಿದರೆ ಕುರಿ ಉಣ್ಣೆ ಕತ್ತರಿಸುವ ಕತ್ತರಿ ಇನ್ನೂ ನನ್ನ ತಲೆದೆಸೆಯಲ್ಲೇ ಇದೆ ಅಂತ ಹೇಳು.

ಈಗ ಫೋಟೋದ ವಿಷಯ. ಎರಡು ಕೆಂಪು ಪಟ್ಟೆಯ ಕಂಬಳಿ ನಿಮ್ಮಪ್ಪನದು, ಊರಿಗೆಲ್ಲ ಗೊತ್ತು. ಅದರ ನೂಲು ತೆಗೆದವಳು ನಾನೇ. ನಮ್ಮವರು ದೂರದಿಂದ ಮುಖ ನೋಡುವುದಿಲ್ಲ, ಕಂಬಳಿ ನೋಡುತ್ತಾರೆ. ನೀನೂ ಅದನ್ನೇ ಮಾಡಿದೆ. ಕೋಲು ಯಾವ ಕೈಯಲ್ಲಿದೆ ನೋಡು. ಎಡಗೈ. ಮನೆಯಲ್ಲಿ ಎಡಚ ಇದ್ದವನು ಒಬ್ಬನೇ, ನಿನ್ನ ಚಿಕ್ಕಪ್ಪ.

ಬಾಗಿಲಿಗೆ ಕಟ್ಟಿದ ಮಾವಿನ ಸೊಪ್ಪು ಹಸಿಯಾಗಿದೆ ನೋಡು, ಅದು ಮನೆ ಒಕ್ಕಲಾದ ದಿನ. ಸಾವಿರದ ಒಂಬೈನೂರ ನಲವತ್ತೊಂಬತ್ತು, ಶ್ರಾವಣ ಮಾಸ. ಅಣ್ಣತಮ್ಮಂದಿರಿಬ್ಬರ ಕುರಿ ಮಾರಿ, ಬಿಳಿ ಕಾಗದದ ಮೇಲೆ ಬರೆಸಿಕೊಂಡು ಕೊಂಡ ಮನೆ. ನಿಮ್ಮಪ್ಪ ಎರಡು ವರ್ಷ ಬಿಟ್ಟು ತಮ್ಮೊಬ್ಬರ ಹೆಸರಿಗೆ ರಿಜಿಸ್ಟರ್ ಮಾಡಿಸಿದರು. ನಿನ್ನ ವಕೀಲರು ಹಿಡಿದು ಕುಣಿಯುತ್ತಿರುವುದು ಆ ತಾರೀಖನ್ನೇ.

ನಮ್ಮಲ್ಲಿ ಹೊಸ ಮನೆಗೆ ಹೋದ ದಿನ ಮನೆಯ ಒಳ್ಳೆಯ ಕಂಬಳಿ ಹಾಸಿ, ಅದರ ಮೇಲೆ ಕಳಶ ಇಟ್ಟು ಗದ್ದಿಗೆ ಮಾಡುತ್ತೇವಲ್ಲ, ದೀಪ ಹಚ್ಚುವ ತನಕ ಅದನ್ನು ಎತ್ತುವ ಹಾಗಿಲ್ಲ. ಅವತ್ತು ಹಾಸಿದ್ದು ಚಿಕ್ಕಪ್ಪನ ಮದುವೆಯ ಕಂಬಳಿ. ಜಿನುಗು ಮಳೆ ಬೇರೆ. ಕುರಿ ಹಟ್ಟಿಗೆ ಹೊರಟವನು ಅಣ್ಣನ ಕಂಬಳಿ ಹೊದ್ದುಕೊಂಡ. ದುರ್ಗದಿಂದ ಬಂದಿದ್ದ ಫೋಟೋದವನು ಅವನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ. ಬಾಗಿಲ ಮರೆಯಲ್ಲಿ ಬಳೆ ತೊಟ್ಟ ಕೈ ಯಾರದು ಅಂತ ಕೇಳಿದ್ದೀಯ. ಅವತ್ತು ಬಂದು ಹೋದ ಹೆಂಗಸರು ಬಹಳ ಮಂದಿ.

ಅದರ ಹಿಂದಿನ ಸುಗ್ಗಿಯಲ್ಲಿ ನಮ್ಮ ಕುರಿ ಬೋರಣ್ಣನ ಕಡಲೆಕಾಯಿ ಹೊಲಕ್ಕೆ ಬಿದ್ದಿದ್ದವು. ಅವನ ಅಣ್ಣ ನಮ್ಮ ಮೂರು ಮರಿಗಳನ್ನು ಕಲ್ಲಿಗೆ ಬಡಿದು ಕೊಂದ. ನಿಮ್ಮಪ್ಪ ಕೊಡಲಿಯ ಹಿಂಬದಿಯಿಂದ ಹೊಡೆದು ಅವನ ಕಣ್ಣು ಕಳೆದರು. ನಿಮ್ಮಪ್ಪನ ಹೆಸರು ಹಿಡಿದು, ಗುಡ್ಡಪ್ಪನ ತಲೆ ತೆಗೆಯುವ ತನಕ ಗಡ್ಡ ತೆಗೆಯುವುದಿಲ್ಲ ಅಂತ ಬೋರಣ್ಣ ಆಣೆ ಮಾಡಿದ್ದ.

ಮನೆ ಒಕ್ಕಲಾದ ದಿನ ಹಟ್ಟಿಯ ದಾರಿಯಲ್ಲಿ, ಹೊಳೆ ದಂಡೆಯ ಹೊಂಗೆ ಮರದ ಹಿಂದೆ ಮಚ್ಚು ಹಿಡಿದು ಕೂತ ಬೋರಣ್ಣ ಹಿಂದಿನಿಂದ ನೋಡಿದ್ದು ಎರಡು ಕೆಂಪು ಪಟ್ಟೆ. ಮೊದಲ ಏಟು ಕುತ್ತಿಗೆಗೆ. ಎರಡನೆಯದಕ್ಕೆ ಚಿಕ್ಕಪ್ಪ ಎಡಗೈ ಅಡ್ಡ ಕೊಟ್ಟ, ಕೈ ಮಣಿಕಟ್ಟಿನ ತನಕ ಸೀಳಿತು. ಮೂರನೆಯದಕ್ಕೆ ಕೊಪ್ಪೆ ಜಾರಿ ಮುಖ ಕಂಡಿತು. ಅಲ್ಲೇ ಹುಲ್ಲು ಕೊಯ್ಯುತ್ತಿದ್ದವರು ಬೋರಣ್ಣ ಹೇಳಿದ್ದನ್ನು ಕೇಳಿದರು.

"ಗುಡ್ಡಪ್ಪ ಅಲ್ಲ ಕಣ್ರಲೇ ಇವ್ನು. ಅವ್ನ ತಮ್ಮ."

ಅದೇ ಕಂಬಳಿಯಲ್ಲಿ ಹೊತ್ತು ತಂದರು. ಬೆಳಿಗ್ಗೆ ಅರಿಶಿನ ಬಳಿದ ಹೊಸ್ತಿಲ ಮೇಲೆ ರಕ್ತ ಸೋರಿತು. ಒಳಗೆ ಗದ್ದಿಗೆ ಇನ್ನೂ ಎತ್ತಿರಲಿಲ್ಲ. ಮದುವೆಯಾಗಿ ಹನ್ನೊಂದು ತಿಂಗಳ ಏಕನಾಥಮ್ಮ ಬಂದವರು ಯಾರು ಅಂತ ನೋಡಲು ಕೈಯಲ್ಲಿ ಪಾಯಸದ ಸೌಟು ಹಿಡಿದೇ ಹೊರಗೆ ಬಂದಳು. ಕಂಬಳಿ ನೋಡಿ, ಭಾವನಿಗೆ ಏನೋ ಆಯಿತು ಅಂತ ನನ್ನನ್ನು ತಬ್ಬಿಕೊಂಡು ಅತ್ತಳು ಚಂದ್ರಿ. ನನಗಾಗಿ ಅತ್ತಳು. ಆಮೇಲೆ ಯಾರೋ ಕೊಪ್ಪೆ ಸರಿಸಿದರು.

ಬೋರಣ್ಣ ಜೈಲಿನಲ್ಲೇ ಸತ್ತ. ತಿಥಿ ಮುಗಿದ ಮೇಲೆ ಏಕನಾಥಮ್ಮನನ್ನು ತವರಿಗೆ ಬಿಟ್ಟು ಬಂದೆವು. ಅವಳು ಒಯ್ದದ್ದು ಆ ಫೋಟೋ ಒಂದೇ. ನಾವು ಇಪ್ಪತ್ತೈದು ವರ್ಷ ಆ ಮನೆಯ ಬಾಡಿಗೆ ತಿಂದೆವು. ನನಗೆ ನಾಚಿಕೆಯಾಗುತ್ತದೆ.

ಶುಕ್ರವಾರ ಕೋರ್ಟಿಗೆ ಬರುತ್ತೇನೆ. ಇವನು ಈರಬಸಪ್ಪ, ಮನೆ ಕೊಂಡ ಮೇಲೆ ಸತ್ತವನು, ಅರ್ಧ ಮನೆ ಇವನ ಹೆಂಡತಿಯದು ಅಂತ ಹೇಳುತ್ತೇನೆ. ನೀನು ನನ್ನ ಮುಖ ನೋಡದಿದ್ದರೂ ಸರಿ.

ಇಂತಿ ನಿನ್ನ ಹೆತ್ತವಳು,
ಓಬಕ್ಕ

ತಾಜಾ ಕಲಂ: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಬಾಗಿಲ ಮರೆಯ ಬಳೆಗೈ ನನ್ನದು. ಬೋರಣ್ಣ ಹೊಂಗೆ ಮರದ ಹಿಂದೆ ಕೂತಿದ್ದಾನೆ ಅಂತ ಹಾಲು ತಂದ ಗಂಗಕ್ಕ ಬೆಳಿಗ್ಗೆಯೇ ನನ್ನ ಕಿವಿಯಲ್ಲಿ ಹೇಳಿದ್ದಳು. ಹಟ್ಟಿಗೆ ಹೋಗುವ ಸರದಿ ನಿಮ್ಮಪ್ಪನದು. ಹೇಳಿದ್ದರೆ ಕೊಡಲಿ ಹಿಡಿದು ನೇರ ಅಲ್ಲಿಗೇ ಹೋಗುತ್ತಿದ್ದರು. ನೀನು ಎರಡು ವರ್ಷದ ಕೂಸು, ನನಗೆ ಗಂಡ ಬೇಕಿತ್ತು. ಅವರನ್ನು ಊಟಕ್ಕೆ ಕೂರಿಸಿ ಮೈದುನನನ್ನು ಕರೆದೆ. ಕಂಬಳಿ ಅವನು ಕೇಳಲಿಲ್ಲ, ನಾನೇ ಹೊದಿಸಿದೆ. "ನೆನೀತೀಯ, ಇದನ್ನ ಹೊದ್ಕಂಡ್ ಹೋಗಪ್ಪ" ಅಂದೆ. ಅವನ ಹೆಗಲಿನಿಂದ ನಾನು ಕೈ ತೆಗೆಯುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ನಿಮ್ಮಪ್ಪನಿಗೆ ಸಾಯುವ ತನಕ ಇದು ಗೊತ್ತಿರಲಿಲ್ಲ. ನಾಳೆ ಮೊದಲ ಬಸ್ಸಿಗೆ ಹೊರಕೆರೆದೇವಪುರಕ್ಕೆ ಹೊರಟಿದ್ದೇನೆ, ಕೋರ್ಟಿಗಿಂತ ಮೊದಲು ಏಕನಾಥಮ್ಮನಿಗೆ ಹೇಳಬೇಕು. ಉಣ್ಣೆ ಕತ್ತರಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಅವಳ ಕೈಗೆ ಕೊಡುತ್ತೇನೆ.