ಊಟಕ್ಕೆ ಕರೆಯುವ ದನಿ

ಪುತ್ತೂರು, ಫೆಬ್ರವರಿ ೧೯೮೪

ಪ್ರೀತಿಯ ಅಕ್ಕ,

ಜ್ವರ ಬಿಟ್ಟಿದೆ, ಇಲ್ಲಿಯ ಕುಚ್ಚಲಕ್ಕಿ ಅನ್ನವೂ ಒಗ್ಗಿದೆ. ನಾನು ತರಬೇತಿಗೆ ಬಂದಿರುವ ವಾರಪತ್ರಿಕೆಯ ಕಚೇರಿಗೆ ಇಂದು ಕಡಬದ ರಬ್ಬರ್ ಕೃಷಿಕ ಪೈಲಿ ಎಂಬವರು, ತೀರಿಹೋದ ಹೆಂಡತಿ ಏಲಿಯಮ್ಮನ ಸುದ್ದಿ ಹಾಕಿಸಲು ಬಂದಿದ್ದರು.

“ಹೆಸರು, ತಾರೀಕು ಸಾಕು. ಬೇರೆ ಎಂತ ಬರೆಯುದು?” ಎಂದರು.

“ನಿಮ್ಮನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದರು?” ಎಂದು ಕೇಳಿದೆ.

“ಗುಡ್ಡೆಯ ಆಚೆಗೂ ಕೇಳುವ ಹಾಗೆ ಕೂಗುದು. ಈಗ ಹಸಿವೆಯೇ ಆಗುದಿಲ್ಲ ಮಾರಾಯ್ರೆ.”

ಗದಗದಲ್ಲಿ ಮಾಳಿಗೆ ಹತ್ತಿ ನಮ್ಮನ್ನು ಕೂಗುತ್ತಿದ್ದ ಅವ್ವ ನೆನಪಾಗಿ ಕಣ್ಣು ತುಂಬಿತು. ಪೈಲಿಯವರು ಹೇಳಿದ್ದನ್ನೇ ಬರೆದು ಓದಿದೆ. ಇನ್ನೊಮ್ಮೆ ಓದಿಸಿಕೊಂಡರು.

“ನೀವು ಬರೆಯುವವರಾ?”

ಇಷ್ಟು ದಿನ ವಿದ್ಯಾರ್ಥಿನಿ ಎನ್ನುತ್ತಿದ್ದವಳು ಇಂದು ಹೌದು ಎಂದೆ. ನನಗೆಂದು ಬಿ.ಎಡ್. ಅರ್ಜಿ ತರಬೇಡ, ಅಕ್ಕ.

ಅಂಚೆಯ ಹೊತ್ತಾಯಿತು.

ನಿನ್ನ ಗಿರಿಜಾ