ಸುಮ್ಮನಾದ ಮಗು

ಸಾಸ್ಕಟೂನ್
ಮಾರ್ಚ್ 3

ಪ್ರೀತಿಯ ಲೆಸ್ಯಾ ಅಕ್ಕ,

ಮೊಣಕಾಲು ಹೇಗಿದೆ? ಮೆಟ್ಟಿಲ ಮೇಲಿನ ಹಿಮ ನೀನೇ ಎತ್ತಬೇಡ, ಪಕ್ಕದ ಮನೆಯವರಿಗೆ ಹೇಳು. ನನ್ನ ಮಾತು ಕೇಳುವವಳಲ್ಲ, ಗೊತ್ತು. ನೀನು ಕಳಿಸಿದ ಬೀಟ್‌ರೂಟ್ ಉಪ್ಪಿನಕಾಯಿ ಮುಗಿಯಿತು.

ಇಲ್ಲಿ ಎಂದಿನ ಕೆಲಸವೇ. ಮಕ್ಕಳ ಡಾಕ್ಟರಾದವರು ನನ್ನ ಬಳಿ ಮತ್ತೆರಡು ವರ್ಷ ಮಕ್ಕಳ ತುರ್ತು ಚಿಕಿತ್ಸೆ ಕಲಿಯುತ್ತಾರೆ. ಅಭ್ಯಾಸಕ್ಕೆಂದು ರಬ್ಬರ್ ಮಗುವನ್ನು ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಯಾರನ್ನಾದರೂ ಅಮ್ಮನಾಗಿ ಕೂರಿಸುತ್ತೇವೆ. ಆ ಅಮ್ಮನಿಗೆ ನಾನು ಬರೆದುಕೊಟ್ಟಿರುವುದು ನಿನ್ನದೇ ಮಾತು: "ಡಾಕ್ಟ್ರೇ, ಇವಳು ಯಾವತ್ತೂ ಹೀಗೆ ಸುಮ್ನಿರೋಳಲ್ಲ." ಅದನ್ನು ಕೇಳಿಯೂ ಮಾನಿಟರನ್ನೇ ನೋಡುತ್ತ ನಿಂತವರಿಂದ ಎಲ್ಲವನ್ನೂ ಮೊದಲಿಂದ ಮಾಡಿಸುತ್ತೇನೆ. ಟೆರೆನ್ಸ್ ಎಂಬ ವಿದ್ಯಾರ್ಥಿ ಮೊನ್ನೆ ಗೊಣಗಿದ: "ಹಲೀನಾ, ಇದು ಪಾಠನಾ, ಇಲ್ಲ ಯಾರದೋ ಮೇಲಿನ ಸಿಟ್ಟಾ?" ಎರಡೂ ಅಂದೆ. ತಮಾಷೆ ಎಂದುಕೊಂಡು ನಕ್ಕ.

ಜನ ಇದನ್ನು ಸೇವೆ ಎನ್ನುತ್ತಾರೆ. ನಿನ್ನ ಮಾರ್ಟಾಳ ಹೆಸರಿನಲ್ಲಿ ಒಳ್ಳೆಯದಾಯಿತು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ. ನನಗೆ ಹಾಗನ್ನಿಸಿದ್ದೇ ಇಲ್ಲ. "ಅಳು ನಿಲ್ಸಿದಾಳಲ್ಲಮ್ಮ, ಇನ್ನೇನು ಬೇಕು? ಮನೆಗೆ ಹೋಗಿ ನೀವೂ ಸ್ವಲ್ಪ ನಿದ್ದೆ ಮಾಡಿ" ಎಂದು ಡಾಕ್ಟರ್ ಪೆಂಡ್ರಿ ಆ ರಾತ್ರಿ ನಿನ್ನನ್ನು ಕಳಿಸಿದ. ಅಳುವ ಶಕ್ತಿಯೂ ಉಳಿಯದೆ ಸುಮ್ಮನಾದ ಮಗುವನ್ನು ಹುಷಾರಾದ ಮಗು ಎಂದುಕೊಂಡ. ಬೆಳಗಾಗುವಷ್ಟರಲ್ಲಿ ನಿನ್ನ ಮಗಳು ಇರಲಿಲ್ಲ. ಯಾರಾದರೂ ಮಾಡಬಹುದಾದ ತಪ್ಪು ಎಂದು ವಿಚಾರಣೆಯಲ್ಲಿ ಅವನನ್ನು ಬಿಟ್ಟರು. ಇನ್ನು ಮುಂದೆ ಯಾರೂ ಹಾಗೆ ಹೇಳಲಾಗದಂತೆ ಮಾಡಬೇಕು. ಅದಕ್ಕೇ ಒಬ್ಬೊಬ್ಬರನ್ನಾಗಿ ತಯಾರು ಮಾಡುತ್ತಿದ್ದೇನೆ. ಅವರಲ್ಲಿ ಯಾರಿಗೂ ಪೆಂಡ್ರಿಯ ಹೆಸರು ಗೊತ್ತಿಲ್ಲ. ಅವರು ಉಳಿಸಿದ ಒಂದೊಂದು ಮಗುವೂ ಅವನ ವಿರುದ್ಧ ಸಾಕ್ಷಿ ಎಂದು ನಾನೊಬ್ಬಳೇ ಲೆಕ್ಕ ಇಡುತ್ತೇನೆ. ಇದು ಒಳ್ಳೆಯ ಮನಸ್ಸಲ್ಲ. ಆದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ.

ಯೂರಿ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಹಲೀನಾ

ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಸಣ್ಣ ಊರುಗಳ ಡಾಕ್ಟರುಗಳಿಗೆ ನನ್ನ ವಿದ್ಯಾರ್ಥಿಗಳು ಒಂದು ದಿನ ಪಾಠ ಮಾಡುತ್ತಾರೆ, ಏಪ್ರಿಲ್ ಮೊದಲ ಶುಕ್ರವಾರ. ಈ ಸಲ ಪೆಂಡ್ರಿ ಬರುತ್ತಿದ್ದಾನೆ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಅಮ್ಮನಾಗಿ ಕೂರಲು ಇನ್ನೂ ಯಾರನ್ನೂ ಗೊತ್ತು ಮಾಡಿಲ್ಲ. ಹಿಂದಿನ ದಿನ ನಾನೇ ಕಾರು ತಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ರಬ್ಬರ್ ಮಗುವನ್ನು ಅವನು ಉಳಿಸಲಿ, ಬಿಡಲಿ. ಮುಗಿದ ಮೇಲೆ ಎದ್ದು ನಿಂತು ಎಲ್ಲರೆದುರು ಅವನಿಗೆ ನಿನ್ನ ಹೆಸರು ಹೇಳು.